ಸಹಿಗಿಂತ ಮೊದಲು ಶಾಯಿ ನೋಡಿ

ಚೌಕಗಳೆಲ್ಲ ನಡುವೆ ಉಬ್ಬಿ ನಿಂತಂತೆ ಕಾಣುವ ಹಳೆಯ ಮುದ್ರಣ, ಕೆಳಗೆ ಓದಲಾಗದ ಒಂದು ಸಹಿ. ಇಂಥದ್ದು ಸಿಕ್ಕಾಗ ಮೊದಲು ಕೇಳಿಬರುವ ಹೆಸರು ವಿಕ್ಟರ್ ವಾಸರೆಲಿ. 1906ರಲ್ಲಿ ಹಂಗೆರಿಯಲ್ಲಿ ಹುಟ್ಟಿ, 1930ರಲ್ಲಿ ಪ್ಯಾರಿಸ್‌ಗೆ ಬಂದು ನೆಲೆಸಿದ ಅವರು ಆಪ್ ಆರ್ಟ್‌ನ, ಅಂದರೆ ಗೆರೆ-ಆಕಾರಗಳಿಂದಲೇ ಕಣ್ಣಿಗೆ ಭ್ರಮೆ ಹುಟ್ಟಿಸುವ ಕಲೆಯ, ಹಿರಿಯ. ಆದರೆ 1965ರಲ್ಲಿ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ‘ದ ರೆಸ್ಪಾನ್ಸಿವ್ ಐ’ ಪ್ರದರ್ಶನ ನಡೆದ ಮೇಲೆ ಈ ಶೈಲಿ ಬಟ್ಟೆ, ಪೋಸ್ಟರ್‌ಗಳಿಗೂ ಹಬ್ಬಿತು. ಅವರ ಮಗ ಇವರಾಲ್ ಕೂಡ ಇದೇ ಜಾಡಿನ ಕಲಾವಿದ. ರೆನೋ ಕಾರಿನ 1972ರ ವಜ್ರಾಕಾರದ ಲಾಂಛನದಲ್ಲಿ ತಂದೆ-ಮಗ ಇಬ್ಬರ ಕೈಯೂ ಇದೆ. ಹಾಗಾಗಿ ಶೈಲಿ ನೋಡಿ ಹೆಸರು ಹೇಳುವುದು ಊಹೆಯಷ್ಟೇ. ಕುಂಚದ ಬೀಸಿನಲ್ಲಿ ಕಲಾವಿದನನ್ನು ಗುರುತಿಸೋಣವೆಂದರೆ, ಆ ಬೀಸನ್ನು ಅಳಿಸಿಹಾಕುವುದೇ ಈ ಕಲೆಯ ಉದ್ದೇಶವಾಗಿತ್ತು. ‘ಯಾರು ಮಾಡಿದ್ದು’ ಎನ್ನುವುದಕ್ಕೆ ಮೊದಲು ‘ಹೇಗೆ ಅಚ್ಚಾಗಿದ್ದು’ ಎಂದು ಕೇಳಬೇಕು.

ಬೇಕಾದದ್ದು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ಟಾರ್ಚು. ಬಣ್ಣದ ಜಾಗದಲ್ಲಿ ನೀಲಿ, ಕೆಂಪು, ಹಳದಿ ಚುಕ್ಕೆಗಳು ಹೂವಿನಂತೆ ಸಾಲುಗಟ್ಟಿದ್ದರೆ ಅದು ಆಫ್‌ಸೆಟ್, ಅಂದರೆ ಪುಸ್ತಕ-ಪತ್ರಿಕೆಗಳನ್ನು ಅಚ್ಚು ಹಾಕುವ ಯಂತ್ರಮುದ್ರಣ. ಅದೇ ಚುಕ್ಕೆಗಳು ಕ್ರಮವಿಲ್ಲದೆ ಚೆಲ್ಲಿದಂತಿದ್ದರೆ ಇಂಕ್‌ಜೆಟ್, ಅಂದರೆ ಇತ್ತೀಚಿನದು. ಚುಕ್ಕೆಯೇ ಇಲ್ಲದೆ ಬಣ್ಣ ಗಟ್ಟಿಯಾಗಿ ಹರಡಿದ್ದರೆ ಸ್ಕ್ರೀನ್ ಪ್ರಿಂಟ್, ಅಂದರೆ ಜಾಲರಿಯ ಮೂಲಕ ಶಾಯಿ ಒತ್ತಿ ತೆಗೆದದ್ದು, ಇರಬಹುದು. ‘ಇರಬಹುದು’ ಅಷ್ಟೇ. ಬರೀ ಕಪ್ಪು ಶಾಯಿಯ ವಿನ್ಯಾಸವನ್ನು ಆಫ್‌ಸೆಟ್‌ನಲ್ಲೂ ಚುಕ್ಕೆಯಿಲ್ಲದೆ ಅಚ್ಚೊತ್ತಬಹುದು. ಬಹಳ ಜನ ಎಡವುವುದು ಇಲ್ಲೇ. ಅನುಮಾನ ಬಂದರೆ ಕೋಣೆಯ ದೀಪ ಆರಿಸಿ, ಟಾರ್ಚನ್ನು ಕಾಗದಕ್ಕೆ ಹೆಚ್ಚುಕಡಿಮೆ ಸಮತಟ್ಟಾಗಿ ಹಿಡಿಯಿರಿ. ಆಫ್‌ಸೆಟ್ ಶಾಯಿಯ ಪದರ ಒಂದೆರಡು ಮೈಕ್ರಾನ್ ಮಾತ್ರ, ಅಂಚು ಕಾಣುವುದಿಲ್ಲ. ಸ್ಕ್ರೀನ್ ಶಾಯಿ ಹಲವು ಪಟ್ಟು ದಪ್ಪ. ಸ್ಕ್ರೀನ್‌ನಲ್ಲಿ ಅಚ್ಚಾದ ಲಗ್ನಪತ್ರಿಕೆಯ ಅಕ್ಷರದಂತೆ ಕಾಗದದಿಂದ ತುಸು ಎದ್ದು ನಿಂತಿರುತ್ತದೆ. ಓರೆ ಗೆರೆಗಳ ಅಂಚಿನಲ್ಲಿ ಜಾಲರಿಯ ಎಳೆಗಳು ಬಿಟ್ಟ ಸಣ್ಣ ಹಲ್ಲುಗಳನ್ನು ಹುಡುಕಿ. ಶಾಯಿ ಎಲ್ಲಿ ಇಳಿಯಬೇಕೆಂದು ತೋರುವ ಸ್ಟೆನ್ಸಿಲ್ ಹಾಳೆಯನ್ನು ಕೈಯಲ್ಲಿ ಕತ್ತರಿಸಿದ್ದಾದರೆ, ಮೂಲೆಗಳಲ್ಲಿ ಚಾಕು ಕೂದಲೆಳೆಯಷ್ಟು ಮುಂದಕ್ಕೆ ಓಡಿದ ಗುರುತೂ ಸಿಗಬಹುದು.

ಬಣ್ಣಗಳು ಒಂದಕ್ಕೊಂದು ಸರಿಯಾಗಿ ಕೂತಿವೆಯೇ ಎಂಬುದೂ ಮುಖ್ಯ. ಎರಡು ಗೆರೆಗಳ ನಡುವಿನ ಪಲ್ಲಟವನ್ನು ನಮ್ಮ ಕಣ್ಣು 10 ಆರ್ಕ್‌ಸೆಕೆಂಡಿನಷ್ಟು (ಒಂದು ಡಿಗ್ರಿಯ 3600ನೇ ಒಂದು ಭಾಗವೇ ಒಂದು ಆರ್ಕ್‌ಸೆಕೆಂಡ್) ಸೂಕ್ಷ್ಮವಾಗಿ ಹಿಡಿಯಬಲ್ಲದು. ಓದುವ ದೂರದಲ್ಲಿ, ಅಂದರೆ 30 ಸೆಂಟಿಮೀಟರಿನಲ್ಲಿ, ಅದು ಕಾಗದದ ಮೇಲೆ ಸುಮಾರು 0.015 ಮಿಲಿಮೀಟರ್. ಕಣ್ಣಿನೊಳಗೆ ಅಕ್ಷಿಪಟದ ಮೇಲೆ ಬೀಳುವಾಗ ಆ ಪಲ್ಲಟ, ಬೆಳಕನ್ನು ಗ್ರಹಿಸುವ ಕೋನ್ ಕೋಶಗಳ ನಡುವಿನ ಅಂತರಕ್ಕಿಂತಲೂ ಕಡಿಮೆ. ಹಲವು ಕೋಶಗಳ ಸಂಕೇತಗಳನ್ನು ಮಿದುಳು ಒಟ್ಟುಗೂಡಿಸಿ ಲೆಕ್ಕ ಹಾಕುವುದರಿಂದ ಇದು ಸಾಧ್ಯ. ಭೂದೃಶ್ಯದ ಮುದ್ರಣದಲ್ಲಿ 0.2 ಮಿಲಿಮೀಟರ್ ತಪ್ಪಿದರೆ ಯಾರಿಗೂ ತಿಳಿಯದು. ಇಲ್ಲಿ ಆ ಸಾಲು ಪೂರ್ತಿ ಅಲುಗಿದಂತಾಗುತ್ತದೆ. ಅಂಥ ಹಾಳೆಯನ್ನು ಒಳ್ಳೆಯ ಮುದ್ರಣಶಾಲೆ ಹೊರಗೆ ಬಿಡುತ್ತಿರಲಿಲ್ಲ. ಮುದ್ರಣದ ಗುಣಮಟ್ಟವೇ ಇಲ್ಲಿ ಅರ್ಧ ಸಾಕ್ಷಿ. ಇಷ್ಟು ಸಣ್ಣ ಕೊರತೆಯೂ ಕಣ್ಣಿಗೆ ಬೀಳುವುದರಿಂದಲೇ ಕಪ್ಪು ಜಾಗದಲ್ಲಿ ಒಂದು ಗೀರು ಬಿದ್ದರೂ ಬೆಲೆ ಇಳಿಯುತ್ತದೆ.

ಫ್ರೇಮಿನಿಂದ ಹೊರಗೆ ತೆಗೆಯದೆ ಮೌಲ್ಯಮಾಪನ ಆಗದು. ಆದರೆ ಶಾಯಿ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಬಣ್ಣ ಗಾಜಿನ ಜೊತೆಗೇ ಕಿತ್ತು ಬರುತ್ತದೆ. ಸಂರಕ್ಷಣಾ ತಜ್ಞರಿಗೆ ಒಪ್ಪಿಸಿ. ಹೊರಗೆ ಬಂದ ಹಾಳೆಯನ್ನು ಬೆಳಕಿಗೆ ಹಿಡಿದು ಆರ್ಶ್ ಅಥವಾ ರೀವ್ಸ್‌ನಂಥ ಫ್ರೆಂಚ್ ಕಾಗದದ ನೀರುಗುರುತು ಇದೆಯೇ ನೋಡಿ. ಹಿಂಬದಿಯ ಗ್ಯಾಲರಿ ಚೀಟಿ, ಮೂಲೆಯಲ್ಲಿ ಒತ್ತಿದ ಪ್ರಕಾಶಕರ ಉಬ್ಬುಮುದ್ರೆ ಇದ್ದರೆ ಬರೆದಿಟ್ಟುಕೊಳ್ಳಿ. ಖೋಟಾ ನೋಟು ಹಿಡಿಯುವ ಯುವಿ ಟಾರ್ಚು ಬಿಟ್ಟಾಗ ಕಾಗದ ನೀಲಿಯಾಗಿ ಹೊಳೆದರೆ ‘ನಕಲಿ’ ಎಂದು ತೀರ್ಮಾನಿಸುವವರಿದ್ದಾರೆ. ಅದು ತಪ್ಪು. ಹೊಳಪು ಕೊಡುವ ರಾಸಾಯನಿಕಗಳು 1950ರ ಹೊತ್ತಿಗೇ ಕಾಗದಕ್ಕೆ ಸೇರತೊಡಗಿದ್ದವು. ಆಪ್ ಆರ್ಟ್ ಬೆಳೆದದ್ದು ಆಮೇಲೆ. ಯುವಿ ಬೆಳಕು ನಿಜಕ್ಕೂ ಕೆಲಸಕ್ಕೆ ಬರುವುದು ಅಂಟಿನ ಕಲೆ, ತೇಪೆ, ಅಳಿಸಿದ ಸಂಖ್ಯೆಯ ಕುರುಹು ಹುಡುಕಲು.

ಇನ್ನು ಸಹಿ. ನಿಜವಾದ ಪೆನ್ಸಿಲ್ ಓರೆ ಬೆಳಕಿನಲ್ಲಿ ಬೂದು ಮಿನುಗು ತೋರಿಸುತ್ತದೆ, ಕಾಗದವನ್ನು ಚೂರು ತಗ್ಗಿಸಿರುತ್ತದೆ. ಅಚ್ಚಾದ ಸಹಿಯಲ್ಲಿ ಇವೆರಡೂ ಇಲ್ಲ. ರಬ್ಬರ್ ಉಜ್ಜಿ ಪರೀಕ್ಷಿಸುವ ಮಹಾನುಭಾವರು ಸಾಕ್ಷಿಯನ್ನೇ ಅಳಿಸುತ್ತಾರೆ! ಪೆನ್ಸಿಲ್ ನಿಜವಾದರೂ ಕೈ ಬೇರೆಯವರದಿರಬಹುದು: ಸಹಿಯಿಲ್ಲದೆ ಬಂದ ಅಸಲಿ ಮುದ್ರಣಕ್ಕೆ ಆಮೇಲೆ ಹೆಸರು ಗೀಚುವುದು ಹಳೆಯ ಚಾಳಿ. ‘12/250’ ಎಂದಿದ್ದರೆ 250ರಲ್ಲಿ ಹನ್ನೆರಡನೆಯ ಪ್ರತಿ, ‘ಇ.ಎ.’ ಕಲಾವಿದರ ಪ್ರತಿ, ‘ಎಚ್.ಸಿ.’ ಮಾರಾಟಕ್ಕಲ್ಲದ್ದು. ಚಿತ್ರದ ಅಳತೆ, ಹಾಳೆಯ ಅಳತೆ ಬೇರೆ ಬೇರೆಯಾಗಿ ತೆಗೆದು ಕಲಾವಿದರ ಕೃತಿಗಳ ಪ್ರಕಟಿತ ಕ್ಯಾಟಲಾಗಿನ ಜೊತೆ ಹೋಲಿಸಿ. ಹಾಳೆ ಮಾತ್ರ ಚಿಕ್ಕದಾಗಿದ್ದರೆ ಯಾರೋ ಅಂಚು ಕತ್ತರಿಸಿದ್ದಾರೆ. ಚಿತ್ರವೇ ಐದಾರು ಮಿಲಿಮೀಟರ್ ವ್ಯತ್ಯಾಸವಾದರೆ ಅದು ಮರುಮುದ್ರಣ ಎಂಬ ಶಂಕೆ ಬಲವಾಗುತ್ತದೆ.

ಬೆಲೆ ಕಟ್ಟಲು ಅಂಗಡಿಯವರು ಕೇಳುವ ಮೊತ್ತ ಬೇಡ. ಅದೇ ಕೃತಿ, ಅದೇ ಆವೃತ್ತಿ, ಹೆಚ್ಚುಕಡಿಮೆ ಅದೇ ಸ್ಥಿತಿಯ ಪ್ರತಿ ಹರಾಜಿನಲ್ಲಿ ನಿಜವಾಗಿ ಎಷ್ಟಕ್ಕೆ ಹೋಯಿತು ಎಂಬುದೇ ಆಧಾರ. ಹರಾಜಿನ ಕ್ಯಾಟಲಾಗಿನಲ್ಲಿ ‘ವಾಸರೆಲಿಯವರದು’, ‘ಅವರದೆನ್ನಲಾದ’, ‘ಅವರ ಕೃತಿಯನ್ನು ಆಧರಿಸಿದ’ ಎಂಬ ಮೂರು ಮಾತಿಗೂ ಮೂರು ಬೆಲೆ. ದಾಖಲೆ ಸಿಗದಿದ್ದರೆ ‘ಕಲಾವಿದ ತಿಳಿದಿಲ್ಲ, ಸ್ಕ್ರೀನ್ ಪ್ರಿಂಟ್’ ಎಂದೇ ಬರೆದು, ಅಲಂಕಾರದ ಮುದ್ರಣವೆಂದು ಬೆಲೆ ಹಾಕಬೇಕು. ತಜ್ಞರಿಗೆ ಫೋಟೋ ಕಳಿಸುವಾಗ ಪೂರ್ಣ ಚಿತ್ರದ ಜೊತೆ ಸಹಿ, ಹಿಂಬದಿ, ಒಂದು ಮೂಲೆ ಇಷ್ಟನ್ನೂ ಹತ್ತಿರದಿಂದ ತೆಗೆಯಿರಿ. ಒತ್ತೊತ್ತಾದ ಗೆರೆಗಳು ಮೊಬೈಲಿನ ಸೆನ್ಸರಿನ ಚೌಕಗಳೊಂದಿಗೆ ಸೇರಿ, ಕಾಗದದಲ್ಲಿ ಇಲ್ಲದ ಅಲೆಗಳನ್ನು ಫೋಟೋದಲ್ಲಿ ಮೂಡಿಸುತ್ತವೆ. ಹಾಗಾದರೆ ಮೊಬೈಲನ್ನು ಸ್ವಲ್ಪ ಹಿಂದೆ-ಮುಂದೆ ಸರಿಸಿ ಮತ್ತೆ ಕ್ಲಿಕ್ಕಿಸಿ.