ಸಕ್ಕರೆ ಕಾಯಿಲೆಯ ಲೆಕ್ಕ ಹೆರಿಗೆ ವಾರ್ಡಿನಿಂದ

ನವೆಂಬರ್ 14ರಂದು ಶಾಲೆಗಳಲ್ಲಿ ಮಕ್ಕಳ ದಿನಾಚರಣೆ ನಡೆಯುತ್ತದೆ, ಆಸ್ಪತ್ರೆಗಳಲ್ಲಿ ವಿಶ್ವ ಮಧುಮೇಹ ದಿನ. ಒಂದು ನೆಹರೂ ಹುಟ್ಟಿದ ದಿನ, ಇನ್ನೊಂದು ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ ದಿನ. ಎರಡೂ ಒಂದೇ ತಾರೀಖಿಗೆ ಬಿದ್ದದ್ದು ಕಾಕತಾಳೀಯ. ಆದರೆ ಎಳೆಯ ಮಕ್ಕಳಿಗೂ ನಡುವಯಸ್ಸಿನ ಸಕ್ಕರೆ ಕಾಯಿಲೆಗೂ ಏನು ಸಂಬಂಧ ಎಂದು ತಳ್ಳಿಹಾಕುವ ಕಾಲ ಮುಗಿದಿದೆ. ಅದನ್ನು ಮುಗಿಸಿದ ಪುರಾವೆಗಳಲ್ಲಿ ಮೈಸೂರಿನ ಒಂದು ಆಸ್ಪತ್ರೆಯ ಹಳೆಯ ಹೆರಿಗೆ ದಾಖಲೆಗಳೂ ಸೇರಿವೆ.

ಬಹುಕಾಲ ಸಕ್ಕರೆ ಕಾಯಿಲೆ, ಹೃದ್ರೋಗಗಳನ್ನು ನಾವು ಸಿರಿವಂತರ ಪಾಲಿಗೆ ಬಿಟ್ಟುಕೊಟ್ಟಿದ್ದೆವು. ಪ್ಲೇಗು, ಮಲೇರಿಯಾ, ಸಿಡುಬುಗಳ ಜೊತೆ ಸೆಣಸುತ್ತಿದ್ದ ಆರೋಗ್ಯ ಇಲಾಖೆಗೆ ಹಾಗೆ ಅನ್ನಿಸಿದ್ದು ಸಹಜವೇ. 1970ರ ದಶಕದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ಸಮೀಕ್ಷೆಯಲ್ಲಿ ಮಧುಮೇಹಿಗಳ ಪ್ರಮಾಣ ನಗರಗಳಲ್ಲಿ ಶೇ 2.1, ಹಳ್ಳಿಗಳಲ್ಲಿ ಶೇ 1.5 ಮಾತ್ರ ಇತ್ತು. ಅದೇ ಮಂಡಳಿಯ ಬೆಂಬಲದ ದೇಶವ್ಯಾಪಿ ಅಧ್ಯಯನದ ಫಲಿತಾಂಶ 2023ರಲ್ಲಿ ಬಂದಾಗ ಒಟ್ಟು ಪ್ರಮಾಣ ಶೇ 11.4ಕ್ಕೆ ಏರಿತ್ತು, ಅಂದರೆ ಸುಮಾರು 10 ಕೋಟಿ ಜನ. ಇನ್ನೂ 13 ಕೋಟಿಗೂ ಹೆಚ್ಚು ಮಂದಿ ಮಧುಮೇಹದ ಹೊಸ್ತಿಲಲ್ಲಿದ್ದರು. ಅಳೆಯುವ ವಿಧಾನಗಳು ಬದಲಾಗಿರುವುದರಿಂದ ಎರಡು ಲೆಕ್ಕಗಳನ್ನು ನೇರವಾಗಿ ಹೋಲಿಸುವಂತಿಲ್ಲ. ಹಾಗಿದ್ದರೂ ಹಳ್ಳಿಗಳಲ್ಲೇ ಶೇ 8.9 ಎಂದಮೇಲೆ ಸಿರಿವಂತಿಕೆಯ ವಾದ ನಿಲ್ಲುವುದಿಲ್ಲ. ಕಾಯಿಲೆ ಮತ್ತು ಅಕಾಲ ಮರಣದಿಂದ ದೇಶ ಕಳೆದುಕೊಳ್ಳುವ ಆಯುಷ್ಯದಲ್ಲಿ ಅಸಾಂಕ್ರಾಮಿಕ ರೋಗಗಳ ಪಾಲು 1990ರಲ್ಲಿ ಸುಮಾರು ಶೇ 30 ಇದ್ದದ್ದು 2016ರ ವೇಳೆಗೆ ಶೇ 55 ಆಗಿತ್ತು.

ಇಷ್ಟು ಬೇಗ ಹೇಗಾಯಿತು? ಅನ್ನ, ಎಣ್ಣೆ, ಕುಳಿತು ಮಾಡುವ ಕೆಲಸ ಎಂಬ ಉತ್ತರ ಎಲ್ಲರ ಬಾಯಲ್ಲೂ ಇದೆ. ಅದು ಸುಳ್ಳಲ್ಲ, ಆದರೆ ಅರ್ಧ ಕಥೆ.

ಉಳಿದರ್ಧಕ್ಕೆ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಗೆ ಹೋಗಬೇಕು. ಊರಿನವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. 1934ರಿಂದಲೂ ಅಲ್ಲಿನ ಹೆರಿಗೆ ವಾರ್ಡಿನಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡುತ್ತಿದ್ದರು. ಬರೆದವರಿಗೆ ಅದು ದಿನನಿತ್ಯದ ಕೆಲಸ. ಮನೆಯಲ್ಲೇ ಹೆರಿಗೆಯಾಗುತ್ತಿದ್ದ, ಹುಟ್ಟಿದ ತಾರೀಖೇ ಎಷ್ಟೋ ಜನರಿಗೆ ತಿಳಿಯದಿದ್ದ ಕಾಲದಲ್ಲಿ ಇಂಥ ದಾಖಲೆ ಉಳಿದದ್ದು ದೊಡ್ಡ ಸಂಗತಿ.

ಇಂಗ್ಲೆಂಡಿನ ವೈದ್ಯ ಡೇವಿಡ್ ಬಾರ್ಕರ್ 1989ರಲ್ಲಿ ಹರ್ಟ್‌ಫರ್ಡ್‌ಶೈರ್‌ನ ಹಳೆಯ ಜನನ ದಾಖಲೆಗಳನ್ನು ಮುಂದಿಟ್ಟುಕೊಂಡು, ಕಡಿಮೆ ತೂಕದೊಂದಿಗೆ ಹುಟ್ಟಿದ ಗಂಡಸರು ಹೃದ್ರೋಗದಿಂದ ಸಾಯುವುದು ಹೆಚ್ಚು ಎಂದು ತೋರಿಸಿದ್ದರು. ಹಲವರು ನಂಬಲಿಲ್ಲ. ಅದೇ ಪ್ರಶ್ನೆಯನ್ನು ಬೇರೆ ನೆಲದಲ್ಲಿ ಕೇಳಲು ಅವರ ಸೌತಾಂಪ್ಟನ್ ತಂಡದವರು ಮೈಸೂರಿಗೆ ಬಂದರು. ಅವರಲ್ಲಿ ಕ್ಯಾರೋಲಿನ್ ಫಾಲ್ ಮುಖ್ಯರು. ಆಸ್ಪತ್ರೆಯ ಸುತ್ತಲಿನ ಬಡಾವಣೆಗಳಲ್ಲಿ ಮನೆ ಮನೆ ವಿಚಾರಿಸಿ, 1934ರಿಂದ 1954ರ ನಡುವೆ ಅಲ್ಲೇ ಹುಟ್ಟಿದ 517 ಜನರನ್ನು ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ಶೇ 11 ಮಂದಿಗೆ ಹೃದ್ರೋಗವಿತ್ತು, 3.1 ಕಿಲೋ ಮೀರಿದ್ದವರಲ್ಲಿ ಶೇ 3 ಮಂದಿಗೆ. ಬಸುರಿನಲ್ಲಿ ತಾಯಿಯೂ 45 ಕಿಲೋಗಿಂತ ಕಡಿಮೆ ತೂಗಿದ್ದರೆ ಆ ಸಣ್ಣ ಕೂಸುಗಳಲ್ಲಿ ಶೇ 20ರಷ್ಟು ಮಂದಿ ಮುಂದೆ ಹೃದ್ರೋಗಿಗಳಾಗಿದ್ದರು.

ಸಕ್ಕರೆ ಕಾಯಿಲೆಯ ವಿಷಯಕ್ಕೆ ಬಂದರೆ ಮೈಸೂರು ಬೇರೆಯದೇ ಹೇಳಿತು. ನನಗೆ ಈ ಕಥೆಯಲ್ಲಿ ಅತ್ಯಂತ ಕುತೂಹಲಕರ ಭಾಗ ಇದೇ. ಇಲ್ಲಿ ಮಧುಮೇಹ ಬಂದದ್ದು ಕಡಿಮೆ ತೂಕದವರಿಗಲ್ಲ. ಹುಟ್ಟುವಾಗ ಗಿಡ್ಡವಾಗಿದ್ದು, ಉದ್ದಕ್ಕೆ ಹೋಲಿಸಿದರೆ ದುಂಡಗಿದ್ದವರಿಗೆ, ಅವರಲ್ಲೂ ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಿಗೆ. ಸಂಶೋಧಕರು ಇದನ್ನು ಹೀಗೆ ಅರ್ಥೈಸಿದರು: ಸಣ್ಣದಾಗಿ ಹುಟ್ಟಿ ಅರೆಹೊಟ್ಟೆಯಲ್ಲಿ ಬೆಳೆದ ಹುಡುಗಿ, ಮುಂದೆ ಊಟ ಸುಧಾರಿಸಿ ಮೈ ತುಂಬಿಕೊಂಡಾಗ, ಬಸುರಿನಲ್ಲಿ ಅವಳ ರಕ್ತದ ಸಕ್ಕರೆ ಏರುತ್ತದೆ. ಹೆಚ್ಚಾದ ಸಕ್ಕರೆ ಭ್ರೂಣಕ್ಕೂ ಹೋಗಿ ಅಲ್ಲಿ ಕೊಬ್ಬಾಗುತ್ತದೆ. ಅಜ್ಜಿಯ ಬಡತನ ತಾಯಿಯ ಮೂಲಕ ಮೊಮ್ಮಗುವಿಗೆ ಸಕ್ಕರೆಯಾಗಿ ದಾಟಿತೆನ್ನಬಹುದು. ಇದನ್ನು ಪರೀಕ್ಷಿಸಲು 1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ ಗರ್ಭಿಣಿಯರಿಗೆ ಗ್ಲೂಕೋಸ್ ಪರೀಕ್ಷೆ ಮಾಡಿದರು. ಶೇ 6.2ರಷ್ಟು ಮಂದಿಗೆ ಗರ್ಭಕಾಲದ ಮಧುಮೇಹವಿತ್ತು. ಅವರ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದಾಗ ಮೈಯಲ್ಲಿ ಕೊಬ್ಬು ಹೆಚ್ಚಿರುವುದು ಕಂಡಿತು; ಹೆಣ್ಣು ಮಕ್ಕಳಲ್ಲಿ ಐದನೇ ವಯಸ್ಸಿಗೇ.

ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಹತ್ತಿರದ ಆರು ಹಳ್ಳಿಗಳಲ್ಲಿ ಇದೇ ಜಾಡನ್ನು ಹಿಡಿದಿದ್ದರು. ಅಲ್ಲಿ ಕೂಸಿನ ಸರಾಸರಿ ತೂಕ 2.7 ಕಿಲೋ, ಸೌತಾಂಪ್ಟನ್ನಿನಲ್ಲಿ 3.5. ನಮ್ಮ ಕೂಸುಗಳು ಸ್ನಾಯುವಿನಲ್ಲಿ ಬಹಳ ಹಿಂದೆ, ಚರ್ಮದಡಿಯ ಕೊಬ್ಬಿನಲ್ಲಿ ಅಷ್ಟು ಹಿಂದಲ್ಲ. ಬಡಕಲಾಗಿ ಕಾಣುವ, ಒಳಗೆ ಕೊಬ್ಬಿರುವ ಮೈ. ಯಾಜ್ಞಿಕ್ ಇದನ್ನು ತಮ್ಮ ಮೈಯಲ್ಲೇ ತೋರಿಸಿದರು: ಅವರಿಗೂ ಇಂಗ್ಲೆಂಡಿನ ಸಂಶೋಧಕ ಜಾನ್ ಯುಡ್ಕಿನ್ ಅವರಿಗೂ ಎತ್ತರ-ತೂಕದ ಸೂಚ್ಯಂಕ ಒಂದೇ, 22.3. ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ‘ನಾನು ದಪ್ಪಗಿಲ್ಲ, ನನಗೇಕೆ ಶುಗರ್’ ಎನ್ನುವವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು.

ಇದೆಲ್ಲ ಗೊತ್ತಾದ ಮೇಲೂ ತಡೆಯ ಕೆಲಸ ಹೆಚ್ಚಾಗಿ ನಡೆದದ್ದು ಇನ್ನೊಂದು ತುದಿಯಲ್ಲಿ. 2010ರಲ್ಲಿ ಕೇಂದ್ರ ಸರ್ಕಾರ ಕ್ಯಾನ್ಸರ್, ಮಧುಮೇಹ, ಹೃದ್ರೋಗ, ಪಾರ್ಶ್ವವಾಯುಗಳ ಕಾರ್ಯಕ್ರಮವನ್ನು 100 ಜಿಲ್ಲೆಗಳಲ್ಲಿ ಆರಂಭಿಸಿತು. ಬಳಿಕ ಆಶಾ ಕಾರ್ಯಕರ್ತೆಯರು 30 ದಾಟಿದವರ ಪಟ್ಟಿ ಹಿಡಿದು ಮನೆ ಬಾಗಿಲಿಗೆ ಬಂದರು. ಕರ್ನಾಟಕದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾಯಿತು. ತಪಾಸಣೆ ಬೇಕೇ ಬೇಕು, ಗೊತ್ತಿಲ್ಲದೆ ಬಿ.ಪಿ. ಹೊತ್ತು ತಿರುಗುವವರು ಲೆಕ್ಕವಿಲ್ಲದಷ್ಟು. ಬದುಕಿನ ರೀತಿ ಬದಲಿಸಿದರೆ ಫಲವೂ ಉಂಟು: ಎ. ರಾಮಚಂದ್ರನ್ ಅವರ ಚೆನ್ನೈ ತಂಡ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾಯಿಲೆಯ ಹೊಸ್ತಿಲಲ್ಲಿದ್ದವರಿಗೆ ನಡಿಗೆ ಮತ್ತು ಊಟದ ಬದಲಾವಣೆಯಿಂದ ಮಧುಮೇಹದ ಅಪಾಯ ಶೇ 28.5 ತಗ್ಗಿತು. ಅಮೆರಿಕದ ಇಂಥದ್ದೇ ಪ್ರಯೋಗದಲ್ಲಿ ಶೇ 58 ತಗ್ಗಿತ್ತು. ಚೆನ್ನೈನಲ್ಲಿ ಸಲಹೆ ಪಾಲಿಸಿದ ಗುಂಪಿನಲ್ಲೂ ಮೂರು ವರ್ಷಗಳಲ್ಲಿ ಶೇ 39 ಮಂದಿ ಮಧುಮೇಹಿಗಳಾದರು. ಹೀಗಿರುವಾಗ ರೋಗಿಯ ನಾಲಿಗೆ ಚಪಲವನ್ನಷ್ಟೇ ಬೈಯುವ ಜಾಗೃತಿ ಭಾಷಣಗಳು ನನಗೆ ಅನ್ಯಾಯವೆನಿಸುತ್ತವೆ. ವೇದಿಕೆಯಿಂದ ಇಳಿದ ಕೂಡಲೇ ಭಾಷಣಕಾರರಿಗೆ ಸಕ್ಕರೆ ಹಾಕಿದ ಕಾಫಿ, ಬಿಸ್ಕತ್ತು ಬರುವುದು ಬೇರೆ ಮಾತು.

ಮುಂಬೈನ ಕೊಳೆಗೇರಿಗಳಲ್ಲಿ 2006ರಿಂದ ಬೇರೆ ದಾರಿಯೊಂದನ್ನು ಪ್ರಯತ್ನಿಸಿದರು. ಮದುವೆಯಾದ ಹೆಣ್ಣುಮಕ್ಕಳಿಗೆ ಬಸುರಾಗುವ ಮೊದಲಿನಿಂದಲೇ ಸೊಪ್ಪು, ಹಣ್ಣು, ಹಾಲು ಸೇರಿಸಿ ಮಾಡಿದ ಕುರುಕಲು ತಿಂಡಿಯನ್ನು ದಿನವೂ ಕೊಟ್ಟರು. ಮಕ್ಕಳ ತೂಕ ಹೆಚ್ಚಿದ್ದು ಅಲ್ಪವೇ. ಗರ್ಭಕಾಲದ ಮಧುಮೇಹ ಮಾತ್ರ ಸಾಧಾರಣ ತಿಂಡಿ ತಿಂದವರಲ್ಲಿ ಶೇ 12.4 ಇದ್ದರೆ ಇವರಲ್ಲಿ ಶೇ 7.3 ಇತ್ತು.

ಬಸುರಿ ಹೆಚ್ಚು ತಿಂದರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಭಯ ನಮ್ಮ ಎಷ್ಟೋ ಮನೆಗಳಲ್ಲಿದೆ. ಅದರ ನಡುವೆಯೇ 2017ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಮಾತೃಪೂರ್ಣ ಯೋಜನೆ ತಂದು, ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ಕೊಡಲು ಶುರುಮಾಡಿತು. ಅದನ್ನು ಮಧುಮೇಹ ತಡೆಯ ಕಾರ್ಯಕ್ರಮವೆಂದು ಕರೆದವರನ್ನು ನಾನು ಕಂಡಿಲ್ಲ. ಊಟ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಸೇರಿದ್ದು, ಶುಗರ್ ಆರೋಗ್ಯ ಇಲಾಖೆಗೆ. ಮೇಲಾಗಿ ಆ ಊಟ ಸಿಗುವುದು ಬಸುರಿಯೆಂದು ಹೆಸರು ನೋಂದಾಯಿಸಿದ ಮೇಲೆ. ಮುಂಬೈನ ತಿಂಡಿ ಅದಕ್ಕೂ ತಿಂಗಳುಗಳ ಮುಂಚೆ ಶುರುವಾಗಿತ್ತು.