ಮಗುವಿನ ಎದೆಯಲ್ಲಿ ಕುಳಿ: ಯಾವಾಗ ಓಡಬೇಕು, ಯಾವಾಗ ಕಾಯಬಹುದು

ಎಣ್ಣೆ ಹಚ್ಚಿ ನೀರು ಹಾಕುವಾಗ ಮಗುವಿನ ಎದೆಯ ನಡುವೆ ಒಂದು ಕುಳಿ ಕಣ್ಣಿಗೆ ಬೀಳುತ್ತದೆ. ಮನೆಯಲ್ಲಿ ಮಾತು ಶುರುವಾಗುತ್ತದೆ. ಎಣ್ಣೆ ತಿಕ್ಕಿದವರು ಜೋರಾಗಿ ಒತ್ತಿದರು, ಎತ್ತಿಕೊಂಡ ರೀತಿ ಸರಿಯಿರಲಿಲ್ಲ, ಬಸುರಿಯಾಗಿದ್ದಾಗ ತಾಯಿ ಸರಿಯಾಗಿ ಉಣ್ಣಲಿಲ್ಲ. ಇದ್ಯಾವುದರಿಂದಲೂ ಆ ಕುಳಿ ಬರುವುದಿಲ್ಲ. ಬಾಣಂತಿಯ ಮೇಲೆ ಸುಮ್ನೆ ತಪ್ಪು ಹೊರಿಸಬೇಡಿ.

ಎದೆಯ ನಡುವಿನ ಚಪ್ಪಟೆ ಮೂಳೆಯನ್ನು ಪಕ್ಕೆಲುಬುಗಳಿಗೆ ಸೇರಿಸುವುದು ಮೆದುಮೂಳೆ. ಅದು ಹದ ತಪ್ಪಿ ಬೆಳೆದರೆ ಎದೆಮೂಳೆ ಒಳಕ್ಕೆ ಬಾಗುತ್ತದೆ. ವೈದ್ಯರು ಇದನ್ನು ಪೆಕ್ಟಸ್ ಎಕ್ಸ್‌ಕವೇಟಮ್ ಎನ್ನುತ್ತಾರೆ. ಸುಮಾರು 300ರಿಂದ 400 ಮಕ್ಕಳಲ್ಲಿ ಒಬ್ಬರಿಗೆ ಇರುತ್ತದೆ, ಗಂಡುಮಕ್ಕಳಲ್ಲಿ ಜಾಸ್ತಿ. ಎಷ್ಟೋ ಮನೆಗಳಲ್ಲಿ ಅಪ್ಪನಿಗೋ ಸೋದರಮಾವನಿಗೋ ಇದೇ ಕುಳಿ ಇರುತ್ತದೆ.

ಆದರೆ ಎದೆ ಒಳಗೆ ಹೋದಂತೆ ಕಾಣುವುದೆಲ್ಲ ಇದೇ ಅಲ್ಲ. ಮಗು ಮಲಗಿರುವಾಗ ಅಂಗಿ ಮೇಲೆತ್ತಿ ನೋಡಿ. ಉಸಿರು ಬಿಟ್ಟಾಗಲೂ ಕುಳಿ ಅಲ್ಲೇ ಇದ್ದರೆ ಅದು ಮೂಳೆಯ ಆಕಾರ. ಎಳೆಮಕ್ಕಳ ಎದೆ ಮೆತ್ತಗಿರುವುದರಿಂದ ಅತ್ತಾಗ ಅದು ಇನ್ನಷ್ಟು ಆಳವಾಗಿ ಕಾಣಬಹುದು. ನಿನ್ನೆಯವರೆಗೆ ಇಲ್ಲದೆ ಇವತ್ತು ಪ್ರತಿ ಉಸಿರಿಗೂ ಪಕ್ಕೆಯ ಕೆಳಭಾಗ ಒಳಗೆ ಸೆಳೆದುಕೊಳ್ಳುತ್ತಿದ್ದರೆ ಅದು ಬೇರೆಯೇ ವಿಷಯ. ನ್ಯುಮೋನಿಯಾ ಇರಬಹುದು. ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 2 ತಿಂಗಳೊಳಗಿನ ಮಗುವಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಉಸಿರಾಟ ವೇಗವಾಗಿದೆ ಎಂದರ್ಥ. ಪಕ್ಕೆ ಸೆಳೆಯುತ್ತಿದ್ದರೆ ಎಣಿಕೆ ಎಷ್ಟೇ ಬರಲಿ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ. ವಿಟಮಿನ್ ಡಿ ಕೊರತೆಯಿಂದ ಮೂಳೆ ಮೆತ್ತಗಾಗುವ ರಿಕೆಟ್ಸ್‌ನಲ್ಲೂ ಪಕ್ಕೆಯ ಕೆಳಗೆ ಅಡ್ಡಗೆರೆಯಂಥ ತಗ್ಗು ಬೀಳುತ್ತದೆ. ಅದಕ್ಕೆ ಔಷಧಿ ಇದೆ.

ಮೂಳೆಯ ಕುಳಿ ಚಿಕ್ಕಂದಿನಲ್ಲಿ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಹುಡುಗ ಸರಸರನೆ ಎತ್ತರವಾಗುವ ವಯಸ್ಸಿನಲ್ಲಿ ಅದು ಆಳವಾಗುತ್ತದೆ. ಓಡುವಾಗ ಬೇಗ ಏದುಸಿರು, ಬಗ್ಗಿದ ಭುಜ. ಈಜಲು ಕರೆದರೆ ಅಂಗಿ ಬಿಚ್ಚಲು ಒಪ್ಪುವುದಿಲ್ಲ. ಆ ನಾಚಿಕೆಯನ್ನೂ ಏದುಸಿರಿನಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. 'ಗಂಡುಮಗ, ಇದಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ತೀಯ' ಎಂದರೆ ಅವನು ಮತ್ತೆ ಬಾಯಿ ಬಿಡುವುದಿಲ್ಲ.

ಸಿಟಿ ಸ್ಕ್ಯಾನ್‌ನಲ್ಲಿ ಕುಳಿ ಎಷ್ಟು ಆಳ ಎಂದು ತಿಳಿಯಲು ಎದೆಯ ಒಳಗಿನ ಅಗಲವನ್ನು, ಎದೆಮೂಳೆಯಿಂದ ಬೆನ್ನುಮೂಳೆಗಿರುವ ದೂರದಿಂದ ಭಾಗಿಸುತ್ತಾರೆ. ಇದು ಹ್ಯಾಲರ್ ಸೂಚ್ಯಂಕ. ಸಾಮಾನ್ಯವಾಗಿ 2.5ರ ಆಸುಪಾಸು ಇರುತ್ತದೆ. 3.25 ದಾಟಿದರೆ ಹೃದಯ, ಶ್ವಾಸಕೋಶದ ಪರೀಕ್ಷೆಗಳನ್ನೂ ನೋಡಿ ಶಸ್ತ್ರಚಿಕಿತ್ಸೆಯ ಯೋಚನೆ ಮಾಡುತ್ತಾರೆ. ಹಿಂದೆ ಎದೆ ತೆರೆದು ಮೆದುಮೂಳೆಯನ್ನೇ ಕತ್ತರಿಸಿ ತೆಗೆಯುತ್ತಿದ್ದರು. 1987ರಲ್ಲಿ ಅಮೆರಿಕದ ಮಕ್ಕಳ ಶಸ್ತ್ರಚಿಕಿತ್ಸಕ ಡೊನಾಲ್ಡ್ ನಸ್ ಬೇರೆ ದಾರಿ ಹಿಡಿದರು. ಮಕ್ಕಳ ಮೆದುಮೂಳೆ ಬಾಗುತ್ತದಲ್ಲ, ಹಾಗಾದರೆ ಕತ್ತರಿಸುವುದೇಕೆ? ಎರಡೂ ಪಕ್ಕದಲ್ಲಿ ಸಣ್ಣ ಗಾಯ ಮಾಡಿ, ಬಾಗಿಸಿದ ಲೋಹದ ಪಟ್ಟಿಯನ್ನು ಎದೆಮೂಳೆಯ ಹಿಂದೆ ತೂರಿಸಿ ತಿರುಗಿಸಿದರೆ ಮೂಳೆ ಮೇಲೇಳುತ್ತದೆ. ಎರಡು ಮೂರು ವರ್ಷ ಒಳಗಿಟ್ಟು ಪಟ್ಟಿ ತೆಗೆಯುತ್ತಾರೆ. ಮೊದಲ ದಿನಗಳ ನೋವು ಕಡಿಮೆಯೇನಲ್ಲ. ಕುಳಿ ಅಷ್ಟು ಆಳವಿಲ್ಲದಿದ್ದರೆ ಹೊರಗಿನಿಂದ ಎದೆಯನ್ನು ಎಳೆದು ಹಿಡಿಯುವ ವ್ಯಾಕ್ಯೂಮ್ ಬೆಲ್ ಇದೆ. ಅದನ್ನು ತಿಂಗಳುಗಟ್ಟಲೆ ಬಿಡದೆ ಬಳಸಬೇಕು. ವ್ಯಾಯಾಮದಿಂದ ಭುಜ ನೇರವಾಗುತ್ತದೆ, ಮೂಳೆ ಮೇಲೇಳುವುದಿಲ್ಲ.

ಕುಳಿಯ ಜೊತೆಗೆ ಮಗು ವಿಪರೀತ ಉದ್ದ, ತೆಳ್ಳಗೆ, ಕೈಬೆರಳೂ ನೀಳವಾಗಿದ್ದರೆ ವೈದ್ಯರಿಗೆ ನೀವಾಗಿಯೇ ಹೇಳಿ. ಅದು ಮಾರ್ಫನ್ ಸಿಂಡ್ರೋಮ್, ಅಂದರೆ ದೇಹದ ಭಾಗಗಳನ್ನು ಹಿಡಿದಿಡುವ ಅಂಗಾಂಶ ಹುಟ್ಟಿನಿಂದಲೇ ದುರ್ಬಲವಾಗಿರುವ ತೊಂದರೆ ಆಗಿದ್ದರೆ ಕಣ್ಣು ಮತ್ತು ಹೃದಯದ ದೊಡ್ಡ ರಕ್ತನಾಳವನ್ನೂ ಪರೀಕ್ಷಿಸಬೇಕಾಗುತ್ತದೆ.