ಡಿಎನ್‌ಎ ನಕಲಾಗುವಾಗ ಒಂದು ಎಳೆ ಮಾತ್ರ ತುಂಡು ತುಂಡಾಗಿ ಏಕೆ ತಯಾರಾಗುತ್ತದೆ?

ಪ್ರಶ್ನೆ: ಡಿಎನ್‌ಎ ಪಾಲಿಮರೇಸ್ ಕಿಣ್ವವು ಒಂದೇ ದಿಕ್ಕಿನಲ್ಲಿ ಎಳೆ ಬೆಳೆಸುತ್ತದೆ ಎಂದು ಪಾಠದಲ್ಲಿದೆ. ಎರಡೂ ದಿಕ್ಕಿಗೆ ಬೆಳೆಸುವ ಕಿಣ್ವವಿದ್ದರೆ ಕೆಲಸ ಸುಲಭವಾಗುತ್ತಿರಲಿಲ್ಲವೇ?
– ಪಿಯುಸಿ ವಿದ್ಯಾರ್ಥಿನಿ, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಈ ದಿಕ್ಕಿನ ನಿಯಮವನ್ನು ಬಾಯಿಪಾಠ ಮಾಡಿ ಮುಂದೆ ಸಾಗುವವರೇ ಹೆಚ್ಚು, ಆದರೆ ಇಡೀ ಪಾಠದಲ್ಲಿ ‘ಏಕೆ’ ಎಂದು ಕೇಳಲೇಬೇಕಾದ ಜಾಗ ಇದು.

ನಮ್ಮ ಎರೆಹೊಲದಲ್ಲಿ ಮೊಳೆತ ತೊಗರಿಯ ಬೇರಿನ ತುದಿಯನ್ನೇ ನೋಡೋಣ. ಅಲ್ಲಿನ ಜೀವಕೋಶವು ಒಡೆದು ಎರಡಾಗುವ ಮುನ್ನ ತನ್ನ 22 ವರ್ಣತಂತುಗಳ ಡಿಎನ್‌ಎಯನ್ನು ಪೂರ್ತಿಯಾಗಿ ನಕಲು ಮಾಡಿಕೊಳ್ಳಬೇಕು. ಹೆಲಿಕೇಸ್ ಎಂಬ ಕಿಣ್ವ ಜೋಡಿ ಎಳೆಗಳನ್ನು ಬಿಡಿಸುತ್ತ ಹೋಗುತ್ತದೆ. ಹುರಿಹಗ್ಗವನ್ನು ನಡುವೆ ಬಿಡಿಸಿದಾಗ ಮುಂದಿನ ಭಾಗ ಇನ್ನಷ್ಟು ಬಿಗಿಯುವಂತೆ ಇಲ್ಲಿಯೂ ತಿರುಚು ಹೆಚ್ಚುತ್ತದೆ. ಟೋಪೊಐಸೊಮರೇಸ್ ಎಳೆಯನ್ನು ಕ್ಷಣಕಾಲ ಕತ್ತರಿಸಿ, ತಿರುಚು ಸಡಿಲಿಸಿ, ಮತ್ತೆ ಜೋಡಿಸುತ್ತದೆ. ಪಾಲಿಮರೇಸ್ ತಾನಾಗಿ ಎಳೆಯನ್ನು ಆರಂಭಿಸಲಾರದು, ಆದ್ದರಿಂದ ಪ್ರೈಮೇಸ್ ಮೊದಲು ಆರ್‌ಎನ್‌ಎಯ ಚಿಕ್ಕ ತುಣುಕೊಂದನ್ನು ಹಾಕಿಕೊಡುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಹೊಸದಾಗಿ ಸೇರುವ ಪ್ರತಿ ನ್ಯೂಕ್ಲಿಯೊಟೈಡ್, ಅಂದರೆ ಡಿಎನ್‌ಎ ಎಳೆಯ ಒಂದೊಂದು ಬಿಡಿ ಘಟಕ, ಮೂರು ಫಾಸ್ಫೇಟ್‌ಗಳನ್ನು ಹೊತ್ತು ಬರುತ್ತದೆ. ಅವುಗಳಲ್ಲಿ ಎರಡು ಕಳಚಿದಾಗ ದೊರೆಯುವ ಶಕ್ತಿಯಿಂದಲೇ ಅದು ಎಳೆಯ ಬೆಳೆಯುವ ತುದಿಗೆ (ಇದಕ್ಕೆ 3 ಪ್ರೈಮ್ ತುದಿ ಎಂದು ಹೆಸರು) ಬೆಸೆದುಕೊಳ್ಳುತ್ತದೆ. ಪಾಲಿಮರೇಸ್ ಸುಮಾರು ಒಂದು ಲಕ್ಷಕ್ಕೊಮ್ಮೆ ತಪ್ಪು ನ್ಯೂಕ್ಲಿಯೊಟೈಡ್ ಸೇರಿಸುತ್ತದೆ, ಆದರೆ ಬಹುಪಾಲು ತಪ್ಪುಗಳನ್ನು ಅಲ್ಲಿಯೇ ಗುರುತಿಸಿ ಕತ್ತರಿಸಿ ಹಾಕುತ್ತದೆ. ಹಾಗೆ ಕತ್ತರಿಸಿದರೂ ಕೆಲಸ ನಿಲ್ಲುವುದಿಲ್ಲ, ಏಕೆಂದರೆ ಮುಂದೆ ಬರುವ ನ್ಯೂಕ್ಲಿಯೊಟೈಡ್ ತನ್ನ ಶಕ್ತಿಯನ್ನು ತಾನೇ ತರುತ್ತದೆ. ವಿರುದ್ಧ ದಿಕ್ಕಿನಲ್ಲಿ ಎಳೆ ಬೆಳೆಯುವಂತಿದ್ದರೆ ಆ ಮೂರು ಫಾಸ್ಫೇಟ್‌ಗಳು ಬೆಳೆಯುವ ತುದಿಯಲ್ಲೇ ಇರಬೇಕಾಗುತ್ತಿತ್ತು. ತಪ್ಪನ್ನು ಕತ್ತರಿಸಿದೊಡನೆ ಶಕ್ತಿಯ ಮೂಲವೂ ಕಳೆದುಹೋಗಿ ಎಳೆ ಅಲ್ಲಿಗೇ ನಿಲ್ಲುತ್ತಿತ್ತು. ತಿದ್ದುವ ಅವಕಾಶ ಉಳಿಯಬೇಕಾದರೆ ಒಂದೇ ದಿಕ್ಕು ಎಂಬುದು ನನಗೆ ಈ ವಿಷಯದ ಅತ್ಯಂತ ಸುಂದರವಾದ ಭಾಗ.

ಡಿಎನ್‌ಎಯ ಎರಡು ಎಳೆಗಳು ಪರಸ್ಪರ ವಿರುದ್ಧ ದಿಕ್ಕಿನಲ್ಲಿರುವುದರಿಂದ, ಒಂದರ ಮೇಲೆ ಹೊಸ ಎಳೆ ಸಲೀಸಾಗಿ ಬೆಳೆಯುತ್ತದೆ; ಇನ್ನೊಂದರ ಮೇಲೆ, ಬಿಚ್ಚಿದಷ್ಟು ಭಾಗಕ್ಕೆ ಮತ್ತೆ ಮತ್ತೆ ಹೊಸದಾಗಿ ಆರಂಭಿಸಬೇಕಾಗುತ್ತದೆ. ಜಪಾನಿನ ರೈಜಿ ಮತ್ತು ತ್ಸುನೆಕೊ ಒಕಾಜಾಕಿ ದಂಪತಿ 1960ರ ದಶಕದಲ್ಲಿ ಗುರುತಿಸಿದ ಈ ತುಂಡುಗಳು ಬ್ಯಾಕ್ಟೀರಿಯಾಗಳಲ್ಲಿ 1,000ದಿಂದ 2,000 ನ್ಯೂಕ್ಲಿಯೊಟೈಡ್‌ಗಳಷ್ಟು ಉದ್ದವಿದ್ದರೆ, ಸಸ್ಯ ಮತ್ತು ಪ್ರಾಣಿಗಳಲ್ಲಿ 100ರಿಂದ 200ರಷ್ಟಿರುತ್ತವೆ. ಆರ್‌ಎನ್‌ಎ ತುಣುಕುಗಳನ್ನು ತೆಗೆದು ಆ ಜಾಗವನ್ನು ಡಿಎನ್‌ಎಯಿಂದ ತುಂಬಿದ ಬಳಿಕ, ಲೈಗೇಸ್ ಎಂಬ ಕಿಣ್ವ ಈ ಡಿಎನ್‌ಎ ತುಂಡುಗಳನ್ನು ಅಖಂಡ ಎಳೆಯಾಗಿ ಬೆಸೆಯುತ್ತದೆ.